ಕಾಲಮ್ಮಿನ ಟೈಪ್ ನಾವೇ ಹೇಳಬೇಕು

ಫಲಾನುಭವಿಗಳ ಪಟ್ಟಿ, ಪಹಣಿ ವಿವರ, ಬ್ಯಾಂಕ್ ಖಾತೆ ಇರುವ ಎಕ್ಸೆಲ್ ಶೀಟುಗಳನ್ನು ಡೇಟಾಬೇಸಿಗೆ ಏರಿಸುವುದು ನನ್ನ ನಿತ್ಯದ ಕೆಲಸ. ಇಲ್ಲಿ ಒಂದಂಕಿ ಹೆಚ್ಚುಕಮ್ಮಿಯಾದರೂ ಯಾರಿಗೋ ಬರಬೇಕಾದ ಹಣ ನಿಂತುಹೋಗುತ್ತದೆ. ಕಾಲಮ್ಮಿನ ಟೈಪ್ ಏನೆಂದು ನಾವು ಹೇಳದಿದ್ದರೆ ಸಾಫ್ಟ್‌ವೇರ್ ತಾನೇ ಊಹಿಸಿಕೊಳ್ಳುತ್ತದೆ. ಹೆಚ್ಚಿನ ತೊಂದರೆಗಳ ಮೂಲ ಅದೇ.

1. ಕೂಡಿ ಕಳೆಯದ ಅಂಕಿ ಟೆಕ್ಸ್ಟ್ ಆಗಿರಲಿ. ಖಾತೆ ಸಂಖ್ಯೆ, ಆಧಾರ್, ಮೊಬೈಲ್ ನಂಬರುಗಳನ್ನು ಯಾರೂ ಕೂಡುವುದಿಲ್ಲ. ಸಂಖ್ಯೆಯೆಂದು ಬಿಟ್ಟರೆ ಎಕ್ಸೆಲ್ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯಲ್ಲಿ ಕೊನೆಯದು ಸೊನ್ನೆಯಾಗುತ್ತದೆ. ಮುಂದಿರುವ ಸೊನ್ನೆಗಳಂತೂ ಉಳಿಯುವುದೇ ಇಲ್ಲ.

2. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. 'ಡೇಟಾ' ಟ್ಯಾಬ್‌ನಿಂದ ಇಂಪೋರ್ಟ್ ಮಾಡಿ. ಈ ಇಂಪೋರ್ಟ್ ನಡೆಸುವ ಪವರ್ ಕ್ವೆರಿ ತಾನಾಗಿ ಸೇರಿಸುವ 'ಚೇಂಜ್ಡ್ ಟೈಪ್' ಹಂತವನ್ನು ಅಳಿಸಿ, ಪ್ರತಿ ಕಾಲಮ್ಮಿಗೂ ಟೈಪ್ ನೀವೇ ಕೊಡಿ.

3. ಸರ್ವೆ ನಂಬರ್ ತಾರೀಕಾಗದಂತೆ ನೋಡಿಕೊಳ್ಳಿ. ಭಾರತದ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ 5/2 ಎಂದು ಟೈಪ್ ಮಾಡಿದರೆ ಅದು ಫೆಬ್ರವರಿ 5 ಆಗುತ್ತದೆ. ಆಮೇಲೆ ಸೆಲ್ಲನ್ನು ಟೆಕ್ಸ್ಟ್ ಮಾಡಿದರೆ 5/2 ಮರಳಿ ಬರುವುದಿಲ್ಲ. 2025ರಲ್ಲಿ ಟೈಪ್ ಮಾಡಿದ್ದಾದರೆ 45693 ಎಂದು ಕಾಣುತ್ತದೆ. ಅದು 1900ರ ಜನವರಿ 1ರಿಂದ ಎಣಿಸಿದ ದಿನದ ಸಂಖ್ಯೆ. ಹಾಗಾಗಿ ಟೈಪ್ ಮಾಡುವ ಮೊದಲೇ ಕಾಲಮ್ಮನ್ನು ಟೆಕ್ಸ್ಟ್ ಮಾಡಿಡಿ. 'ಮಾರ್ಚ್1'ನಂಥ ಜೀನ್ ಹೆಸರುಗಳೂ ಹೀಗೇ ತಾರೀಕುಗಳಾಗುತ್ತಿದ್ದವು. ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಅಂಥ ಹೆಸರುಗಳನ್ನೇ ಬದಲಿಸಿ, 2020ರ ಮಾರ್ಗಸೂಚಿಯಲ್ಲಿ ಅದನ್ನು ತಿಳಿಸಿತು.

4. ಒಂದು ಕಾಲಮ್ಮಿನಲ್ಲಿ ಒಂದೇ ಟೈಪ್ ಇರಲಿ. ಗೂಗಲ್ ಶೀಟ್ಸ್‌ನ ಕ್ವೆರಿ ಸೂತ್ರ ಬಹುಮತ ನೋಡುತ್ತದೆ. ಮನೆ ನಂಬರಿನಲ್ಲಿ 101, 102, 103ಎ ಇದ್ದರೆ ಕಾಲಮ್ ಸಂಖ್ಯೆ ಎಂದು ತೀರ್ಮಾನವಾಗಿ 103ಎ ಜಾಗ ಖಾಲಿ ಬರುತ್ತದೆ. ಎರರ್ ಏನೂ ಕಾಣದು. ಎಕ್ಸೆಲ್ ಓದುವ ಎಸಿಇ ಡ್ರೈವರ್ ಸಾಮಾನ್ಯವಾಗಿ ಮೊದಲ 8 ಸಾಲು ನೋಡಿ ಟೈಪ್ ನಿರ್ಧರಿಸುತ್ತದೆ. ಎರಡಕ್ಕೂ ಪರಿಹಾರ ಒಂದೇ: ಇಡೀ ಕಾಲಮ್ ಟೆಕ್ಸ್ಟ್ ಮಾಡಿ, ಕ್ವೆರಿಯ ಷರತ್ತಿನಲ್ಲಿ ಮೌಲ್ಯವನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.

5. ಎಡಕ್ಕೆ ಅಂಟಿದ ಮೊತ್ತವನ್ನು ನಂಬಬೇಡಿ. ಅದು ಟೆಕ್ಸ್ಟ್ ಆಗಿರುವ ಸಾಧ್ಯತೆ ಹೆಚ್ಚು. ಸಮ್ ಸೂತ್ರ ಅದನ್ನು ಬಿಟ್ಟು ಕೂಡುತ್ತದೆ. ವೆಬ್‌ಸೈಟಿನಿಂದ ಕಾಪಿ ಮಾಡಿದ ಅಂಕಿಗಳ ಜೊತೆ ಹಲವೊಮ್ಮೆ 160 ಸಂಕೇತದ ಸ್ಪೇಸ್ ಬಂದಿರುತ್ತದೆ. ಟ್ರಿಮ್ ಅದನ್ನು ತೆಗೆಯದು. ಸಬ್‌ಸ್ಟಿಟ್ಯೂಟ್ ಬಳಸಿ ತೆಗೆದು, ಬಳಿಕ ವ್ಯಾಲ್ಯೂ ಹಾಕಿ.

6. ಏರಿಸಿದ ಮೇಲೆ ತಾಳೆ ನೋಡಿ. ಸಾಲುಗಳ ಸಂಖ್ಯೆ, ಒಟ್ಟು ಮೊತ್ತ, ಖಾಲಿ ಸೆಲ್ಲುಗಳು: ಈ ಮೂರೂ ಎರಡು ಕಡೆಯೂ ಹೊಂದಬೇಕು. ಮೂಲ ಫೈಲನ್ನು ಮುಟ್ಟದೆ ಬೇರೆಯೇ ಇಡಿ. ಸೊನ್ನೆಯಾಗಿ ಹೋದ ಅಂಕಿಯನ್ನು ಯಾವ ಸೂತ್ರವೂ ಮರಳಿ ತರಲಾರದು. ಅದು ಸಿಗುವುದು ಮೂಲದಲ್ಲಿ ಮಾತ್ರ.