ಗಂಟೆಯ ನಾದ ಕೇಳಲು 45 ವರ್ಷ





ಪರಂಪರೆಯಿಂದ ಬಂದಿದೆ, ದೊಡ್ಡವರು ಹೇಳಿದ್ದಾರೆ ಎಂದ ಮಾತ್ರಕ್ಕೆ ಒಪ್ಪಬೇಡಿ ಎಂದು ಬುದ್ಧರು ಕಾಲಾಮರಿಗೆ ಹೇಳಿದ್ದನ್ನು ನಾವು ಓದಿದ್ದೇವೆ. ಪರೀಕ್ಷಿಸಿ ಒಪ್ಪಲು ಎಷ್ಟು ತಾಳ್ಮೆ ಬೇಕು ಎಂಬುದನ್ನು ಇಂದು ಒಬ್ಬ ಕನ್ನಡಿಗ ವಿಜ್ಞಾನಿಯ ಕೆಲಸದಿಂದ ತಿಳಿಯೋಣ.

ಸಿ.ವಿ. ವಿಶ್ವೇಶ್ವರ (1938–2017) ಬೆಂಗಳೂರಿನಲ್ಲಿ ಹುಟ್ಟಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದವರು. ಬೆಳಕನ್ನೂ ಹೊರಗೆ ಬಿಡದ ಕಪ್ಪುಕುಳಿಗೆ ಪೆಟ್ಟು ಬಿದ್ದರೆ ಏನಾಗುತ್ತದೆ? ಇದು ಅವರ ಪ್ರಶ್ನೆ. ಗಣಿತದಿಂದ ಕಂಡುಕೊಂಡ ಉತ್ತರವನ್ನು 1970ರಲ್ಲಿ ಪ್ರಕಟಿಸಿದರು: ಅದು ಗಂಟೆಯಂತೆ ಮಿಡಿಯುತ್ತದೆ, ಗುರುತ್ವದ ಅಲೆಗಳನ್ನು ಹೊರಸೂಸಿ ಬೇಗನೆ ಶಾಂತವಾಗುತ್ತದೆ. ಸದ್ದು ಕೇಳಿಯೇ ಗಂಟೆ ದೊಡ್ಡದೋ ಚಿಕ್ಕದೋ ಎಂದು ಹೇಳುತ್ತೇವಲ್ಲ, ಹಾಗೆ ಈ ಮಿಡಿತದಿಂದ ಕಪ್ಪುಕುಳಿಯ ದ್ರವ್ಯರಾಶಿ ತಿಳಿಯಬಹುದು.

ಅದೇ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕ ಜೋಸೆಫ್ ವೆಬರ್, ಗುರುತ್ವದ ಅಲೆಗಳನ್ನು ಹಿಡಿದಿದ್ದೇನೆ ಎಂದು 1969ರಲ್ಲಿ ಪ್ರಕಟಿಸಿದ್ದರು. ಬೇರೆಯವರು ಅಂಥದೇ ಉಪಕರಣ ಕಟ್ಟಿ ನೋಡಿದರು. ಏನೂ ಸಿಗಲಿಲ್ಲ. ಹಿರಿಯರೆಂಬ ಕಾರಣಕ್ಕೆ ಅವರ ಮಾತನ್ನು ಯಾರೂ ಉಳಿಸಿಕೊಳ್ಳಲಿಲ್ಲ. ವಿಶ್ವೇಶ್ವರ ಅವರ ಲೆಕ್ಕ ಸರಿಯಾಗಿದ್ದರೂ ಅದೂ ಸಾಕ್ಷಿಗಾಗಿ ಕಾಯಬೇಕಾಯಿತು.

ಸಾಕ್ಷಿ ಬಂದದ್ದು 2015ರ ಸೆಪ್ಟೆಂಬರ್ 14ರಂದು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆಯನ್ನು ಅಮೆರಿಕದ ಲೈಗೋ ಉಪಕರಣಗಳು ದಾಖಲಿಸಿದವು. ಒಂದು ಉಪಕರಣವಲ್ಲ, ಸುಮಾರು 3000 ಕಿ.ಮೀ. ಅಂತರದಲ್ಲಿರುವ ಎರಡು. ಆದರೂ ವಿಜ್ಞಾನಿಗಳು ಸುಮಾರು ಐದು ತಿಂಗಳು ಪರಿಶೀಲಿಸಿ, 2016ರ ಫೆಬ್ರವರಿ 11ರಂದು ಜಗತ್ತಿಗೆ ತಿಳಿಸಿದರು. 2025ರ ಜನವರಿ 14ರಂದು ಇನ್ನೂ ಸ್ಪಷ್ಟವಾದ ಅಲೆ ಬಂತು. ಅದರಲ್ಲಿ ಗಂಟೆಯ ಎರಡು ಸ್ವರಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ವಿಶ್ವೇಶ್ವರರ ನಂತರದವರು ಮುಂದುವರಿಸಿದ ಲೆಕ್ಕಕ್ಕೆ ಎರಡೂ ಹೊಂದಿದವು.

ಅಲೆ ಬಂದ ದಿಕ್ಕನ್ನು ಇನ್ನೂ ನಿಖರವಾಗಿ ತಿಳಿಯಲು ಭಾರತದಲ್ಲೂ ಲೈಗೋ ಬರಲಿದೆ. 2023ರಲ್ಲಿ ಕೇಂದ್ರ ಸಚಿವ ಸಂಪುಟ ಸುಮಾರು 2600 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಜಾಗ ನಮಗೆ ದೂರದ್ದಲ್ಲ: ಔರಾದದಿಂದ ದೇಗಲೂರು, ನಾಂದೇಡ ದಾಟಿದರೆ ಸಿಗುವ ಹಿಂಗೋಲಿ ಜಿಲ್ಲೆಯ ಔಂಢಾ. ಬೀದರ, ಭಾಲ್ಕಿ, ಔರಾದದ ನಮ್ಮ ಮಕ್ಕಳು ಗಣಿತಕ್ಕೆ ಹೆದರದಿದ್ದರೆ ನಾಳೆ ಅಲ್ಲಿ ಕೆಲಸಕ್ಕೆ ಹೋಗಬಹುದು.

ಈಗ ನಮ್ಮನ್ನು ನಾವು ನೋಡಿಕೊಳ್ಳೋಣ. "ಭವಿಷ್ಯದ ಧರ್ಮ ಬೌದ್ಧ ಧರ್ಮವೇ ಎಂದು ಐನ್‌ಸ್ಟೈನ್ ಹೇಳಿದ್ದಾರೆ" ಎಂಬ ಸಂದೇಶ ಗುಂಪುಗಳಲ್ಲಿ ತಿರುಗುತ್ತಲೇ ಇರುತ್ತದೆ. 1930ರ ಲೇಖನವೊಂದರಲ್ಲಿ ಅವರು ಬೌದ್ಧ ಧರ್ಮದ ಬಗ್ಗೆ ಮೆಚ್ಚುಗೆಯ ಮಾತು ಬರೆದದ್ದು ನಿಜ. ಆದರೆ ತಿರುಗುತ್ತಿರುವ ಈ ಮಾತು ಅವರ ಬರಹಗಳಲ್ಲಿ ಸಿಕ್ಕಿಲ್ಲ. ವೇದಕಾಲದಲ್ಲಿ ವಿಮಾನವಿತ್ತು ಎಂದವರಿಗೆ ನಾವು ಪುರಾವೆ ಕೇಳುತ್ತೇವೆ. ನಮಗೆ ಹಿತವಾದ ಮಾತಿಗೂ ಅದೇ ಪುರಾವೆ ಕೇಳಬೇಕಲ್ಲವೇ? ತನ್ನ ಮಾತು ಪ್ರಶ್ನಾತೀತ ಎಂದು ಬುದ್ಧರು ಹೇಳಿಕೊಳ್ಳಲಿಲ್ಲ ಎಂಬುದನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಒತ್ತಿ ಹೇಳಿದ್ದಾರೆ. ಅಂಥ ಧಮ್ಮಕ್ಕೆ ಇಲ್ಲದ ಪ್ರಮಾಣಪತ್ರ ಬೇಕಾಗಿಲ್ಲ.

*ಇಂದಿನ ಅಭ್ಯಾಸ:* ಮನಸ್ಸಿಗೆ ಬಹಳ ಹಿಡಿಸಿದ ಒಂದು ಸಂದೇಶವನ್ನು ಇಂದು ಮುಂದೆ ಕಳಿಸುವ ಮೊದಲು ಎರಡನೆಯ ಸಾಕ್ಷಿ ಹುಡುಕಿ. ಸಿಗದಿದ್ದರೆ ನಿಮ್ಮಲ್ಲೇ ನಿಲ್ಲಿಸಿ.

ಭವತು ಸಬ್ಬ ಮಂಗಲಂ 🌼