ಮಗು ಆಸ್ಪತ್ರೆಯಲ್ಲಿದ್ದಾಗ: ಮೊದಲು ಏನು, ಆಮೇಲೆ ಏನು

ಚೆನ್ನೈನ ಎಗ್ಮೋರ್ ರೈಲು ನಿಲ್ದಾಣದಿಂದ ತುಸು ದೂರದ ಹಾಲ್ಸ್ ರಸ್ತೆಯಲ್ಲಿ ಸರ್ಕಾರಿ ಮಕ್ಕಳ ಆಸ್ಪತ್ರೆಯಿದೆ. ಕಾಯಿಲೆಯ ಮಗುವನ್ನು ಕರೆದುಕೊಂಡು ಹೀಗೆ ಪರಭಾಷೆಯ ಊರಿಗೆ ಬಂದ ಕನ್ನಡಿಗರಿಗೆ ಮಾಸ್ಲೊ ಎಂಬ ಮನಶ್ಶಾಸ್ತ್ರಜ್ಞ 1943ರಲ್ಲಿ ಮಂಡಿಸಿದ ವಿಚಾರ ಕೈದೀಪದಂತೆ ಉಪಯೋಗಕ್ಕೆ ಬರುತ್ತದೆ. ದೇಹದ ಅಗತ್ಯ, ಭದ್ರತೆ, ಪ್ರೀತಿ, ಗೌರವ, ತನ್ನೊಳಗಿನ ಶಕ್ತಿ ಅರಳಬೇಕೆಂಬ ಹಂಬಲ ಎಂದು ಅವರು ಮನುಷ್ಯನ ಅಗತ್ಯಗಳಿಗೊಂದು ಕ್ರಮ ಕೊಟ್ಟರು. ಈ ಕ್ರಮ ಕಟ್ಟುನಿಟ್ಟಿನದಲ್ಲ ಎಂದೂ ಅವರೇ ಹೇಳಿದ್ದಾರೆ.

ಮಗು ಹಠ ಹಿಡಿದರೆ ಗದರುವ ಮುನ್ನ ದೇಹದ ಕಡೆ ನೋಡಬೇಕು. ನೋವಿದೆಯೇ, ಬಾಯಾರಿದೆಯೇ, ನಿದ್ದೆ ಕೆಟ್ಟಿದೆಯೇ? ಉಸಿರಾಟ ಬದಲಾದಂತೆ ಕಂಡರೆ ತಡಮಾಡದೆ ನರ್ಸ್‌ಗೆ ತಿಳಿಸಬೇಕು. ಮನೆಯ ಗಂಜಿಯೇ ಆದರೂ ಡಾಕ್ಟರನ್ನು ಕೇಳದೆ ಕೊಡಬಾರದು. ಆಪರೇಷನ್‌ಗೆ ಮುಂಚೆಯಂತೂ ಹನಿ ನೀರಿಗೂ ಅನುಮತಿ ಬೇಕು. ವಲಿ (ನೋವು), ತಣ್ಣಿ (ನೀರು), ಪಸಿ (ಹಸಿವು) ಎಂಬ ತಮಿಳು ಪದಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ನಡುರಾತ್ರಿ ಪರದಾಡಬೇಕಿಲ್ಲ.

ಆಮೇಲೆ ಭಯ. "ಏನೂ ನೋವಾಗಲ್ಲ ಪುಟ್ಟಾ" ಎಂದು ಹೇಳಿ ಸೂಜಿ ಚುಚ್ಚಿಸಿದರೆ ಮಗು ಮುಂದಿನ ಮಾತನ್ನು ನಂಬುವುದಿಲ್ಲ. "ಸ್ವಲ್ಪ ಚುಚ್ಚುತ್ತೆ, ಬೇಗ ಮುಗಿಯುತ್ತೆ, ನಾನು ಕೈ ಹಿಡ್ಕೊಂಡಿರ್ತೀನಿ" ಎನ್ನುವುದೇ ಸರಿ. "ಊಟ ಮಾಡದಿದ್ರೆ ಡಾಕ್ಟರ್ ಇಂಜೆಕ್ಷನ್ ಕೊಡ್ತಾರೆ" ಎಂಬ ಬೆದರಿಕೆ ಖಂಡಿತ ಬೇಡ.

ಹೆತ್ತವರು ಪಕ್ಕದಲ್ಲಿರುವುದು ಚಿಕಿತ್ಸೆಯ ಭಾಗವೇ. ಬ್ರಿಟನ್ನಿನ ಆಸ್ಪತ್ರೆಗಳು ಒಂದು ಕಾಲಕ್ಕೆ ತಂದೆತಾಯಿಯರನ್ನು ವಾರ್ಡಿನಿಂದ ದೂರ ಇಡುತ್ತಿದ್ದವು. ಅಮ್ಮನಿಲ್ಲದೆ ಆಸ್ಪತ್ರೆಯಲ್ಲಿ ಉಳಿದ ಎರಡು ವರ್ಷದ ಹುಡುಗಿ ದಿನದಿನಕ್ಕೆ ಮಂಕಾಗುವುದನ್ನು ಸಂಶೋಧಕ ಜೇಮ್ಸ್ ರಾಬರ್ಟ್‌ಸನ್ 1952ರ ತಮ್ಮ ಸಾಕ್ಷ್ಯಚಿತ್ರದಲ್ಲಿ ತೋರಿಸಿದರು. ಹೆತ್ತವರ ಭೇಟಿಗೆ ನಿರ್ಬಂಧ ಇರಬಾರದೆಂದು 1959ರಲ್ಲಿ ಅಲ್ಲಿನ ಪ್ಲ್ಯಾಟ್ ಸಮಿತಿ ಶಿಫಾರಸು ಮಾಡಿತು. ಆದ್ದರಿಂದ ಅಮ್ಮ ಸ್ನಾನಕ್ಕೆ, ನಿದ್ದೆಗೆ ಹೋದಾಗ ಅಪ್ಪನೋ ಚಿಕ್ಕಮ್ಮನೋ ಮಂಚದ ಬಳಿ ಇರುವಂತೆ ಪಾಳಿ ಹಾಕಿಕೊಳ್ಳಬೇಕು. ಮಗು ಹೊದ್ದು ಮಲಗುವ ಹಳೇ ಹೊದಿಕೆ ಜೊತೆಗಿರಲಿ, ಊರಿನ ಅಜ್ಜಿಗೆ ದಿನಕ್ಕೊಮ್ಮೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಿಸಬೇಕು.

ಚಿಕ್ಕ ಮಕ್ಕಳಿಗೂ ಮಾನವಿದೆ. "ಇಷ್ಟು ದೊಡ್ಡವನಾಗಿ ಅಳ್ತೀಯಾ?" ಎಂದು ಹತ್ತು ಜನರೆದುರು ಹೀಯಾಳಿಸಬಾರದು. ಬಟ್ಟೆ ಬದಲಿಸುವಾಗ ಮರೆ ಮಾಡಬೇಕು. ಔಷಧಿ ಬೇಡವೆನ್ನಲು ಮಗುವಿಗೆ ಅವಕಾಶವಿಲ್ಲ, ನಿಜ. ಆದರೆ ಯಾವ ಲೋಟದಲ್ಲಿ ಕುಡಿಯಬೇಕೆಂದು ಅದೇ ಆರಿಸಲಿ.

ಜ್ವರ ಇಳಿದು ಕಣ್ಣಲ್ಲಿ ಕಳೆ ಬಂದಾಗ ಬಣ್ಣದ ಪೆನ್ಸಿಲ್, ಕಥೆಪುಸ್ತಕ ಹೊರಬರಲಿ. ಡಿಸ್ಚಾರ್ಜ್ ದಿನ ಔಷಧಿಯ ಹೊತ್ತು, ಮತ್ತೆ ತೋರಿಸಬೇಕಾದ ತಾರೀಖು, ಯಾವ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಕೇಳಿ ಕನ್ನಡದಲ್ಲೇ ಬರೆದುಕೊಳ್ಳಬೇಕು. ಬರೆದದ್ದನ್ನು ನರ್ಸ್ ಮುಂದೆ ಒಮ್ಮೆ ಹೇಳಿ ಸರಿಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಊರಿನ ರೈಲು ಹತ್ತಬೇಕು.