ಬಾವಿಯ ನೀರಿನ ಪರೀಕ್ಷೆ

ನೀರಿನ ಗುಣವನ್ನು ಅರಿಯಲು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಕೆಲವು ಅಳತೆಗೋಲುಗಳಿವೆ. ನಾಲಗೆಗೆ ಉಪ್ಪು ತಾಗದಿದ್ದರೆ ಅದು ಸಿಹಿನೀರು. ತಾಗಿದರೆ ಸವುಳು ನೀರು. ಬೇಳೆ ಬೇಗನೆ ಬೆಂದು, ಸಾಬೂನು ಚೆನ್ನಾಗಿ ನೊರೆ ಕಟ್ಟಿದರೆ ಆ ಬಾವಿ ಒಳ್ಳೆಯದೆಂದು ಊರೆಲ್ಲ ಒಪ್ಪುತ್ತದೆ. ಇವು ಅನುಭವದಿಂದ ಹುಟ್ಟಿದ ಮಾತುಗಳು, ಅಲ್ಲಗಳೆಯತಕ್ಕವಲ್ಲ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುವ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯದೆ ಉಳಿಯುವುದು ನಿಜ. ಆದರೆ ಈ ಅಳತೆಗಳು ತಿಳಿಸುವುದು ಉಪ್ಪನ್ನೂ ಗಡಸುತನವನ್ನೂ ಮಾತ್ರ. ಮನುಷ್ಯನಿಗೆ ಹೆಚ್ಚಿನ ಕೇಡುಂಟುಮಾಡುವ ಹಲವು ಕಲ್ಮಷಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ಅವುಗಳಲ್ಲಿ ಕರ್ನಾಟಕದ ಒಣಸೀಮೆಗೆ ಬಹುಕಾಲದಿಂದ ಅಂಟಿಕೊಂಡಿರುವುದು ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಬಳ್ಳಾರಿ, ರಾಯಚೂರು, ಕೊಪ್ಪಳ ಮೊದಲಾದ ಕಡೆಗಳಲ್ಲಿ ಭೂಮಿಯ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಇವುಗಳಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಬಿರುಕುಗಳಲ್ಲಿ ನಿಂತ ನೀರು ಕಲ್ಲಿನೊಡನೆ ಎಷ್ಟು ದೀರ್ಘಕಾಲ ಇರುವುದೋ ಅಷ್ಟು ಹೆಚ್ಚಾಗಿ ಅದನ್ನು ಕರಗಿಸಿಕೊಳ್ಳುತ್ತದೆ. ತೆರೆದ ಬಾವಿಗಳು ಬತ್ತಿ, ಜನರು ನೂರಾರು ಅಡಿ ಆಳದ ಕೊಳವೆಬಾವಿಗಳನ್ನು ನೆಚ್ಚಿದ ಮೇಲೆ ಇಂಥ ಹಳೆಯ ನೀರೇ ಬಿಂದಿಗೆಗೆ ಬರತೊಡಗಿತು. ಇದರಲ್ಲೊಂದು ವಿಪರ್ಯಾಸವುಂಟು. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಾಗಲೇ ಫ್ಲೋರೈಡ್ ಹೆಚ್ಚು ಕರಗುತ್ತದೆ. ಆದುದರಿಂದ ಇಂಥ ನೀರು ಅನೇಕ ವೇಳೆ ಮೆದುವಾಗಿಯೇ ಇದ್ದು, ಅದರಲ್ಲಿ ಬೇಳೆ ಸೊಗಸಾಗಿ ಬೇಯುತ್ತದೆ! ಅಜ್ಜಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರೇ ಮೊಮ್ಮಗಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳನ್ನು ಮೂಡಿಸಬಹುದು. ಬಾಲ್ಯದಲ್ಲಿ, ಹಲ್ಲು ರೂಪುಗೊಳ್ಳುವಾಗಲೇ ಬಿದ್ದ ಈ ಕಲೆ ಉಜ್ಜಿದರೆ ಹೋಗುವುದಿಲ್ಲ. ಅಧಿಕ ಪ್ರಮಾಣದ ಫ್ಲೋರೈಡನ್ನು ಹಲವು ವರ್ಷ ಸೇವಿಸಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. 1937ರಲ್ಲಿಯೇ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಈ ರೋಗವನ್ನು ಗುರುತಿಸಿ ವರದಿ ಮಾಡಿದ್ದರು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದೆಂದೂ, ಬೇರೆ ಜಲಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಗೊತ್ತುಮಾಡಿದೆ.

ಎರಡನೆಯದು ನೈಟ್ರೇಟ್. ತಿಪ್ಪೆ, ಕೊಟ್ಟಿಗೆ, ಶೌಚದ ಗುಂಡಿ, ಹೊಲಕ್ಕೆ ಅತಿಯಾಗಿ ಸುರಿದ ರಸಗೊಬ್ಬರ ಇವುಗಳಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರಿನಿಂದ ಎಳೆಗೂಸಿಗೆ ಹಾಲಿನ ಪುಡಿ ಕಲಸಿ ಕುಡಿಸುವುದು ಅಪಾಯ. ಕೂಸಿನ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟಬಹುದು. ಮೂರನೆಯದು ಮಲದಿಂದ ಬರುವ ರೋಗಾಣುಗಳು. ಇವುಗಳ ವಿಷಯ ಎಲ್ಲರೂ ಬಲ್ಲರು.

ಪರೀಕ್ಷೆ ಏಕೆ ಬೇಕೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ‘ನೀರನ್ನು ಕುದಿಸಿ ಕುಡಿಯಿರಿ’ ಎಂಬ ಬುದ್ಧಿವಾದವು ರೋಗಾಣುಗಳ ಮಟ್ಟಿಗೆ ಸರಿಯಾದುದು. ಫ್ಲೋರೈಡಾಗಲಿ ನೈಟ್ರೇಟಾಗಲಿ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ತಗ್ಗಿದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಬ್ಲೀಚಿಂಗ್ ಪುಡಿ ಹಾಕುವುದರಿಂದಲೂ ಅವು ನೀಗುವುದಿಲ್ಲ. ಕೇಡು ಯಾವುದೆಂದು ತಿಳಿಯದೆ ಮಾಡಿದ ಉಪಾಯ ವ್ಯರ್ಥವಷ್ಟೇ ಅಲ್ಲ, ಕೆಲವೊಮ್ಮೆ ಹಾನಿಕರವೂ ಹೌದು. ನೆರೆಮನೆಯ ಬಾವಿಯ ಫಲಿತಾಂಶವನ್ನು ನಂಬಿ ಕೂಡುವಂತಿಲ್ಲ. ಆಳವೂ ಕಲ್ಲಿನ ಬಿರುಕುಗಳೂ ಬೇರೆಯಾದರೆ ನೀರೂ ಬೇರೆ. ಊರಿನ ನಲ್ಲಿಯ ನೀರನ್ನು ಪರೀಕ್ಷಿಸುವ ಹೊಣೆ ಸರಕಾರದ್ದು; ತೋಟದೊಳಗಿನ ಸ್ವಂತ ಬಾವಿಯನ್ನು ಒಡೆಯನು ಕೇಳಿಕೊಳ್ಳದ ಹೊರತು ಸಾಮಾನ್ಯವಾಗಿ ಯಾರೂ ಬಂದು ನೋಡುವುದಿಲ್ಲ.

ಪರೀಕ್ಷೆಯ ಅರ್ಧ ಯಶಸ್ಸು ಮಾದರಿಯನ್ನು ಸಂಗ್ರಹಿಸುವ ಬಗೆಯಲ್ಲಿದೆ. ಮೊದಲು ಪಂಪನ್ನು ಕೆಲವು ನಿಮಿಷ ನಡೆಸಿ, ಕೊಳವೆಯಲ್ಲಿ ನಿಂತಿದ್ದ ನೀರನ್ನು ಹೊರಹಾಕಬೇಕು. ರಾಸಾಯನಿಕ ಪರೀಕ್ಷೆಗೆ ಶುಚಿಯಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ಗಲಬರಿಸಿ ತುಂಬಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಟ್ಟ ಕ್ರಿಮಿರಹಿತ ಸೀಸೆಯೇ ಆಗಬೇಕು. ಅದನ್ನು ತೊಳೆಯಕೂಡದು, ಅದರ ಬಾಯಿಗೂ ಮುಚ್ಚಳದ ಒಳಭಾಗಕ್ಕೂ ಬೆರಳು ತಾಗಿಸಕೂಡದು, ತಣ್ಣಗಿರಿಸಿ ಒಂದು ದಿನದೊಳಗೆ ತಲುಪಿಸಬೇಕು. ಬಾವಿಯ ಗುರುತು, ಆಳ, ದಿನಾಂಕಗಳನ್ನು ಸೀಸೆಯ ಮೇಲೆ ಬರೆಯದಿದ್ದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಸ್ಥಳದಲ್ಲಿಯೇ ಮಾಡುವ ಸರಳ ಪರೀಕ್ಷೆಗಳೂ ಉಂಟು. ಜಿರ್ಕೋನಿಯಂ ಸೇರಿದ ಒಂದು ಬಣ್ಣದ ದ್ರಾವಣವನ್ನು ಬೆರೆಸಿದಾಗ, ಫ್ಲೋರೈಡ್ ಹೆಚ್ಚಿದಂತೆಲ್ಲ ನೀರು ಗುಲಾಬಿಯಿಂದ ಹಳದಿಗೆ ತಿರುಗುತ್ತದೆ. 1982ರಲ್ಲಿ ಭಾರತದ ವಿಜ್ಞಾನಿಗಳು ಪ್ರಕಟಿಸಿದ ವಿಧಾನವೊಂದರಲ್ಲಿ, ಔಷಧ ಸವರಿದ ಕಾಗದವಿರುವ ಸೀಸೆಗೆ ನೀರು ತುಂಬಿ ಬೆಚ್ಚಗಿಟ್ಟರೆ ಸಾಕು. ಒಂದೆರಡು ದಿನಗಳಲ್ಲಿ ಅದು ಕಪ್ಪಾದರೆ ಮಲದ ಸಂಪರ್ಕವನ್ನು ಶಂಕಿಸಬೇಕು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯಿಂದ ಐವರು ಮಹಿಳೆಯರಿಗೆ ಸ್ಥಳದಲ್ಲೇ ನೀರನ್ನು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡಾಯಿತು. ಸಂದೇಹ ಬಂದ ಮಾದರಿಯನ್ನು ಮಾತ್ರ ಪ್ರಯೋಗಾಲಯಕ್ಕೆ ಕಳುಹಿಸಿ ದೃಢಪಡಿಸಿಕೊಳ್ಳಬೇಕು.

ಫ್ಲೋರೈಡ್ ಮಿತಿಮೀರಿದೆಯೆಂದು ವರದಿ ಬಂದರೆ ಬಾವಿಯನ್ನು ಮುಚ್ಚಬೇಕಾಗಿಲ್ಲ. ಸ್ನಾನಕ್ಕೂ ಬಟ್ಟೆ ಒಗೆಯಲೂ ಆ ನೀರನ್ನು ಬಳಸಬಹುದು. ಕುಡಿಯಲು ಮತ್ತು ಅಡಿಗೆಗೆ ಬೇರೆ ನೀರು ಬೇಕು, ಅದೇನೂ ಅಪಾರವಲ್ಲ. ಆಳೊಂದಕ್ಕೆ ದಿನಕ್ಕೆ 6 ಲೀಟರಿನಂತೆ, ಐವರ ಸಂಸಾರಕ್ಕೆ ವರ್ಷಕ್ಕೆ ಸುಮಾರು 11,000 ಲೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಾತ್ರ ಮಳೆಯಾಗುವ ಸೀಮೆಯಲ್ಲಿಯೂ 50 ಚದರ ಮೀಟರ್ ಮಾಳಿಗೆಯ ಮೇಲೆ 25,000 ಲೀಟರ್ ನೀರು ಬೀಳುತ್ತದೆ. ಅದರ ಅರ್ಧವನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೂ ವರ್ಷದ ಅಗತ್ಯ ಪೂರೈಸುತ್ತದೆ. ಮಳೆಯ ನೀರಿನಲ್ಲಿ ಫ್ಲೋರೈಡಿನ ಭಯವಿಲ್ಲ. ಆದರೆ ಮಾಳಿಗೆಯ ಮೇಲೆ ಹಕ್ಕಿಗಳೂ ಕೂರುತ್ತವೆ. ಆದುದರಿಂದ ಮಳೆಗಾಲ ಮುಗಿದೊಡನೆ ತೊಟ್ಟಿಯ ನೀರನ್ನೂ ಆ ಕಾಗದದ ಸೀಸೆಗೆ ತುಂಬಿ, ಕಪ್ಪಾಗುವುದೋ ಇಲ್ಲವೋ ಎಂದು ನೋಡಬೇಕು.